ಇಎಚ್‌ಟಿ ಬದಲಿಸಿದ ಮೇಲೆ ಹಳೇ ಟಿವಿಯಲ್ಲಿ ಚಿತ್ರ ಮಸುಕು, ಓರೆ ಬಿಳಿ ಗೆರೆಗಳು: ಏನು ಮಾಡಬೇಕು?

ನಿಮ್ಮ 21 ಇಂಚಿನ ಕಲರ್ ಟಿವಿಗೆ ಹೊಸ ಇಎಚ್‌ಟಿ (ಪಿಕ್ಚರ್ ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್) ಹಾಕಿಸಿದ್ದೀರಿ, ಈಗ ಪರದೆ ಬೆಳ್ಳಗಾಗಿ ತೆಳ್ಳನೆಯ ಓರೆ ಗೆರೆಗಳು ಕಾಣುತ್ತಿವೆ ಅಂದಿರಿ. ಬಹುಶಃ ಹೊಸ ಭಾಗವೇನೂ ಕೆಟ್ಟಿಲ್ಲ, ಸೆಟ್ಟಿಂಗ್ ಆಗಿಲ್ಲ ಅಷ್ಟೇ.

ಇಎಚ್‌ಟಿ ಮೈಮೇಲೆ ಎರಡು ತಿರುಪುಗಳಿರುತ್ತವೆ. ಸಾಮಾನ್ಯವಾಗಿ ಮೇಲಿನದು ಫೋಕಸ್, ಅಂದರೆ ಚಿತ್ರದ ಚೂಪು; ಕೆಳಗಿನದು ಸ್ಕ್ರೀನ್, ಅಂದರೆ ಪರದೆಯ ಒಟ್ಟು ಬೆಳಕು. ಸ್ಕ್ರೀನ್ ವೋಲ್ಟೇಜ್ ಹೆಚ್ಚಾದರೆ, ಚಿತ್ರ ಬರೆಯುವ ಎಲೆಕ್ಟ್ರಾನ್ ಕಿರಣ ಕೆಳಗಿನಿಂದ ಮೇಲಕ್ಕೆ ಮರಳುವ ಹಾದಿಯೂ ಗೆರೆಯಾಗಿ ಕಾಣುತ್ತದೆ. ಅದನ್ನು ಕೂದಲೆಳೆಯಷ್ಟು ತಗ್ಗಿಸುತ್ತಾ, ಗೆರೆ ಮಾಯವಾಗಿ ಕಪ್ಪು ಕಪ್ಪಾಗಿಯೇ ಕಂಡಾಗ ನಿಲ್ಲಿಸಬೇಕು. ಆಮೇಲೆ ಫೋಕಸ್. ಸುದ್ದಿ ಚಾನೆಲ್ ಹಾಕಿ, ಕೆಳಗೆ ಓಡುವ ಅಕ್ಷರಗಳ ಅಂಚು ನೋಡಿ. ನಡುವೆ ಚೂಪಾದರೆ ಮೂಲೆಯಲ್ಲಿ ತುಸು ಮಸುಕಾಗುತ್ತದೆ, ಎರಡಕ್ಕೂ ಹೊಂದುವ ಜಾಗ ಹುಡುಕಬೇಕು.

ಸ್ಕ್ರೀನ್ ತಗ್ಗಿಸಿದರೆ ಚಿತ್ರವೇ ಕತ್ತಲಾಗಿ, ಗೆರೆ ಮಾತ್ರ ಉಳಿದರೆ? ಪಿಕ್ಚರ್ ಟ್ಯೂಬಿನ ಕುತ್ತಿಗೆಯ ಬೋರ್ಡಿಗೆ ಹೋಗುವ ಸುಮಾರು 180 ವೋಲ್ಟ್ ಸಪ್ಲೈ ಅಳೆಯಿಸಿ. ಅಲ್ಲಿನ ಕೆಪಾಸಿಟರ್ ಒಣಗಿರುವುದು ಹಳೇ ಸೆಟ್ಟುಗಳಲ್ಲಿ ಮಾಮೂಲು. ಗೆರೆಗಳು ಮೇಲ್ಭಾಗದಲ್ಲಷ್ಟೇ ಒತ್ತಾಗಿದ್ದರೆ ಕಿರಣವನ್ನು ಮೇಲೆ-ಕೆಳಗೆ ಓಡಿಸುವ ವರ್ಟಿಕಲ್ ಭಾಗದ ಕೆಪಾಸಿಟರ್ ನೋಡಿಸಿ.

ಕುತ್ತಿಗೆಯ ಮೇಲಿನ ಮ್ಯಾಗ್ನೆಟ್ ರಿಂಗುಗಳನ್ನು ಮುಟ್ಟಲೇಬೇಡಿ. ಟ್ಯೂಬ್ ಬದಲಿಸದಿದ್ದರೆ ಅವಕ್ಕೆ ಕೆಲಸವಿಲ್ಲ, ಒಮ್ಮೆ ಅಲುಗಿದರೆ ಬಣ್ಣಗಳನ್ನು ಮತ್ತೆ ಒಂದರ ಮೇಲೊಂದು ಸರಿಯಾಗಿ ಕೂರಿಸುವುದು ದೊಡ್ಡ ತಲೆನೋವು.

ತಿರುಪು ಹೊಂದಿಸುವುದು ಟಿವಿ ಓಡುತ್ತಿರುವಾಗಲೇ ಮಾಡುವ ಕೆಲಸ. ಆನೋಡ್ ಕ್ಯಾಪಿನಲ್ಲಿ (ಇಎಚ್‌ಟಿಯ ದಪ್ಪ ವೈರು ಟ್ಯೂಬಿಗೆ ಸೇರುವ ಕಡೆಯ ರಬ್ಬರ್ ಮುಚ್ಚಳ) 20,000 ವೋಲ್ಟಿಗೂ ಹೆಚ್ಚು ಇರುತ್ತದೆ, ಆಫ್ ಮಾಡಿದ ಮೇಲೂ ಚಾರ್ಜ್ ಉಳಿಯುತ್ತದೆ. ಅಭ್ಯಾಸವಿಲ್ಲದಿದ್ದರೆ ರಿಪೇರಿ ಮಾಡಿದವರನ್ನೇ ಕರೆಸಿ, ಅವರಿಗಿದು ಐದು ನಿಮಿಷದ ಕೆಲಸ.