ಪಾಲಿಹೌಸಿನ ದಪ್ಪ ಮೆಣಸಿನಕಾಯಿ: ಒತ್ತಾಗಿ ನೆಡಬೇಕೋ, ಬಿಡುವಾಗಿಯೋ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ 10 ಗುಂಟೆಯಲ್ಲಿ ಪಾಲಿಹೌಸ್ ಹಾಕಿಸಿದ್ದೇವೆ. ಜೂನ್ ಮೊದಲ ವಾರ ದಪ್ಪ ಮೆಣಸಿನಕಾಯಿ ಸಸಿ ನೆಡುವ ಅಂದಾಜಿದೆ. ಸಸಿ ಕೊಡುವವರು ಒಂದಡಿಗೊಂದು ಹಾಕಿ, ಇಳುವರಿ ಜಾಸ್ತಿ ಅಂತಾರೆ. ಕೋಲಾರದ ಕಡೆ ನೋಡಿಬಂದ ಪಾಲಿಹೌಸಿನಲ್ಲಿ ಒಂದೂವರೆ ಅಡಿ ಬಿಟ್ಟಿದ್ದರು. ಯಾವುದು ಸರಿ ಸರ್?

ಉತ್ತರ: ಒಂದೂವರೆ ಅಡಿ ಬಿಡಿ. ನಮ್ಮ ಮಳೆಗಾಲಕ್ಕೆ ಅದೇ ಸರಿ.

ಮೊದಲು ಲೆಕ್ಕ ನೋಡೋಣ. ಮೂರಡಿ ಮಡಿ, ನಡುವೆ ಒಂದೂವರೆ ಅಡಿ ಓಡಾಟದ ದಾರಿ, ಮಡಿಗೆ ಎರಡು ಸಾಲು ಎಂದಿಟ್ಟುಕೊಳ್ಳಿ. ಅಂಚು, ಬಾಗಿಲ ಜಾಗ ಕಳೆದರೆ ನಿಮ್ಮ 10 ಗುಂಟೆಗೆ ಒಂದೂವರೆ ಅಡಿ ಅಂತರದಲ್ಲಿ ಸುಮಾರು 2,800 ಸಸಿ ಹಿಡಿಯುತ್ತವೆ. ಒಂದಡಿಗಾದರೆ 4,200. ಹೆಚ್ಚುವರಿ 1,400 ಸಸಿಗೆ ಕೊಟ್ಟ ದುಡ್ಡು ಕಾಯಿಯಾಗಿ ವಾಪಸು ಬರುತ್ತದೆಯೇ ಎಂಬುದೇ ಪ್ರಶ್ನೆ.

ಗಿಡ ಹೆಚ್ಚಾದಷ್ಟೂ ಇಳುವರಿ ಹೆಚ್ಚುತ್ತಲೇ ಹೋಗುವುದಿಲ್ಲ. 1950ರ ದಶಕದಲ್ಲಿ ಜಪಾನಿನ ಸಸ್ಯವಿಜ್ಞಾನಿಗಳು ಸೋಯಾ ಅವರೆಯನ್ನು ಬೇರೆ ಬೇರೆ ಒತ್ತಿನಲ್ಲಿ ಬೆಳೆಸಿ ಇದನ್ನು ತೋರಿಸಿದರು. ಒಂದು ಮಿತಿ ದಾಟಿದ ಮೇಲೆ ಅಷ್ಟೇ ಜಾಗದ ಒಟ್ಟು ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ, ಪ್ರತಿ ಗಿಡದ ಪಾಲು ಮಾತ್ರ ಕಿರಿದಾಗುತ್ತದೆ. ಹಂಚಿಕೊಳ್ಳಬೇಕಾದ ಬಿಸಿಲು ಅಷ್ಟೇ ಇರುವುದು ಇದಕ್ಕೆ ಮುಖ್ಯ ಕಾರಣ. ಆ ಮಿತಿ ಬಯಲುಸೀಮೆಯಲ್ಲಿ ಒಂದು ಕಡೆ ಬಿದ್ದರೆ, ಆರಿದ್ರೆಯಿಂದ ಆಶ್ಲೇಷದವರೆಗೆ ಸೂರ್ಯನ ಮುಖ ಕಾಣದ ನಮ್ಮೂರಲ್ಲಿ ಬಹಳ ಬೇಗ ಬಂದುಬಿಡುತ್ತದೆ. ಅದರ ಮೇಲೆ ಪಾಲಿಥಿನ್ ಹಾಳೆಗೆ ಪಾಚಿ ಕಟ್ಟಿ ಇರುವ ಬೆಳಕೂ ಸೋಸಿ ಹೋಗುತ್ತದೆ. ಬೆಳಕು ಸಾಲದ ದಪ್ಪ ಮೆಣಸಿನ ಗಿಡ ಎತ್ತರಕ್ಕೆ ಎಳೆಯುತ್ತದೆ, ಹೂ ಬಿಡುತ್ತದೆ, ಬಿಟ್ಟ ಹೂವನ್ನು ಉದುರಿಸುತ್ತದೆ.

ಬೆಳಕಿಗಿಂತ ನನಗೆ ಹೆಚ್ಚು ಭಯ ಗಾಳಿಯದ್ದು. ನಿಮ್ಮ ತಾಲ್ಲೂಕಿನಲ್ಲೇ ಒಂದು ಪಾಲಿಹೌಸಿಗೆ ಜುಲೈ ತಿಂಗಳಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಹೋಗಿದ್ದೆ. ಒಂದಡಿಗೊಂದು ನೆಟ್ಟಿದ್ದರು. ಹೊರಗಿನಿಂದ ಹಚ್ಚಗೆ, ಕಣ್ಣಿಗೆ ತಂಪು. ಎರಡು ಸಾಲಿನ ನಡುವೆ ಕೈ ತೂರಿಸಿದೆ, ಮೊಣಕೈವರೆಗೆ ಒದ್ದೆ. ಒಳಗೆ ಮಳೆ ಬಿದ್ದಿರಲಿಲ್ಲ. ಗಿಡಗಳೇ ಬಿಟ್ಟ ಆವಿ ರಾತ್ರಿ ತಣ್ಣಗಾಗಿ ಎಲೆ ಮೇಲೆ ಕೂತಿತ್ತು, ಹಾಳೆಯಿಂದಲೂ ತೊಟ್ಟಿಕ್ಕುತ್ತಿತ್ತು. ಗೋಲಿ ಗಾತ್ರದ ಕಾಯಿಯ ತುದಿಗೆ ಒಣಗಿದ ಹೂವಿನ ಎಸಳು ಅಂಟಿಕೊಂಡಿತ್ತು. ಅದನ್ನು ಬಿಡಿಸಿದರೆ ಕೆಳಗೆ ಬೂದು ಬಣ್ಣದ ಬೂಸ್ಟು, ಮುಟ್ಟಿದರೆ ಪುಡಿ ಹಾರಿತು. ಅವರು ಔಷಧಿ ಹೊಡೆದಿರಲಿಲ್ಲ ಎಂದಲ್ಲ, ವಾರಕ್ಕೊಮ್ಮೆ ಹೊಡೆಯುತ್ತಿದ್ದರು. ಒಳಗಿನ ಎಲೆಗೆ ಅದು ತಲುಪುತ್ತಲೇ ಇರಲಿಲ್ಲ. ಆ ಮನೆಯವರು ಗಿಡ ಕಿತ್ತು ಬಿಡುವು ಮಾಡಲು ಮನಸ್ಸು ಬಾರದೆ ನಿಂತಿದ್ದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅದಕ್ಕೇ ನೆಡುವ ಮೊದಲೇ ಕೇಳಿದ್ದಕ್ಕೆ ನನಗೆ ಸಂತೋಷ.

ನೀವು ಅಡಕೆಗೆ ಒಂಬತ್ತಡಿ ಬಿಟ್ಟು ಬೆಳೆದವರು. ಗಾಳಿ ಆಡದ ತೋಟಕ್ಕೆ ಕೊಳೆ ಹೇಗೆ ನುಗ್ಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಇಲ್ಲಿಯೂ ಅದೇ ವಿಚಾರ.

ಇನ್ನು ಬಹಳ ಜನ ತಪ್ಪುವ ಜಾಗಕ್ಕೆ ಬರುತ್ತೇನೆ. ಸಸಿ ಎಣಿಸಬೇಡಿ, ಟೊಂಗೆ ಎಣಿಸಿ. ದಪ್ಪ ಮೆಣಸು ಕವಲೊಡೆಯುವಲ್ಲಿ ಬರುವ ಮೊದಲ ಮೊಗ್ಗನ್ನು ಚಿವುಟಿ, ಎರಡೋ ನಾಲ್ಕೋ ಟೊಂಗೆ ಉಳಿಸಿ ದಾರಕ್ಕೆ ಕಟ್ಟಿ ಮೇಲೆ ಹತ್ತಿಸುತ್ತಾರಲ್ಲ, ನಿಜವಾದ ಒತ್ತು ಗೊತ್ತಾಗುವುದು ಅಲ್ಲಿ. ನಿಮ್ಮ 2,800 ಗಿಡಕ್ಕೆ ಎರಡೇ ಟೊಂಗೆ ಬಿಟ್ಟರೆ ಒಟ್ಟು 5,600. ನಾಲ್ಕು ಬಿಟ್ಟರೆ 11,200. ಅಂದರೆ ದೂರ ನೆಟ್ಟು ನಾಲ್ಕು ಟೊಂಗೆ ಬಿಟ್ಟವರು, ಹತ್ತಿರ ನೆಟ್ಟು ಎರಡು ಬಿಟ್ಟವರಿಗಿಂತ (8,400) ಇಕ್ಕಟ್ಟು ಮಾಡಿಕೊಂಡ ಹಾಗಾಯಿತು. ಮಳೆಗಾಲದಲ್ಲಿ ಎರಡೇ ಟೊಂಗೆ ಇಟ್ಟುಕೊಳ್ಳಿ, ಪಕ್ಕದ ಕುಡಿಗಳನ್ನು ಎಂಟು ಹತ್ತು ದಿನಕ್ಕೊಮ್ಮೆ ಚಿವುಟುತ್ತಿರಿ. ಮಳೆ ಹಿಂದೆ ಸರಿದು ಬಿಸಿಲು ಬಂದ ಮೇಲೆ ಗಟ್ಟಿ ಗಿಡಗಳಲ್ಲಿ ಒಂದೊಂದು ಕುಡಿ ಹೆಚ್ಚು ಬಿಟ್ಟುಕೊಳ್ಳಬಹುದು. ಬಿಡುವಾಗಿ ನೆಟ್ಟವರಿಗೆ ಈ ಅನುಕೂಲ ಕೈಯಲ್ಲೇ ಇರುತ್ತದೆ.

ಒತ್ತು ನೆಡುವುದರಲ್ಲಿ ಒಳ್ಳೆಯದೇ ಇಲ್ಲವೆಂದಲ್ಲ. ಜಾಗ ಬೇಗ ತುಂಬುತ್ತದೆ, ಮೊದಲ ಒಂದೆರಡು ಕೊಯ್ಲು ತೂಕ ಬರುತ್ತದೆ. ಒಳ್ಳೆ ಬಿಸಿಲಿರುವ ಕಡೆ, ಸವರಲು ಕೈ ಪಳಗಿದ ಆಳಿದ್ದು, ಬೆಳೆಯನ್ನು ಬೇಗ ಮುಗಿಸುವವರಿಗೆ ಅದು ಆದೀತು.

ನನ್ನ ಮಾತು ಕೇಳುವುದಾದರೆ ಜೂನ್ ಬಿಟ್ಟುಬಿಡಿ. ಜುಲೈ ಕೊನೆಗೆ ಟ್ರೇಯಲ್ಲಿ ಬೀಜ ಹಾಕಿ, ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲಿಗೆ ನೆಡಿ. ಹೂ ಬಿಡುವಷ್ಟರಲ್ಲಿ ಮಳೆ ಇಳಿದಿರುತ್ತದೆ. ಡ್ರಿಪ್ ನೀರು ಬೆಳಿಗ್ಗೆಯೇ ಕೊಡಿ, ಸಂಜೆ ಬೇಡ. ಇರಚಲು ಹೊಡೆಯದ ಹೊತ್ತಿನಲ್ಲೆಲ್ಲ ಪಕ್ಕದ ಪರದೆ ಎತ್ತಿಡಿ, ಚಳಿ ಅಂತ ದಿನವಿಡೀ ಮುಚ್ಚಿಡಬೇಡಿ. ಬೆಳಿಗ್ಗೆ ಹತ್ತರ ಹೊತ್ತಿಗೂ ಒಳಗಿನ ಎಲೆ ಒದ್ದೆಯಿದ್ದರೆ ಬುಡದ ಕಡೆಯ ಹಳೆ ಎಲೆ ತೆಗೆಯುವ ಕಾಲ ಬಂತೆಂದೇ ತಿಳಿಯಿರಿ.

ಪ್ರಶ್ನೆ: ಶಿವಮೊಗ್ಗದಲ್ಲಿ ಬಾಡಿಗೆ ಮನೆ, ಅಂಗಳವಿಲ್ಲ. ಕೋಣೆಯೊಳಗೆ ಎಲ್‌ಇಡಿ ದೀಪದಡಿ ಕೊತ್ತಂಬರಿ, ಪಾಲಕ್ ಹಾಕಿದ್ದೇನೆ. ಇವನ್ನೂ ದೂರ ದೂರ ಹಾಕಬೇಕೇ?

ಉತ್ತರ: ಬೇಡಮ್ಮ. ಸೊಪ್ಪಿನ ಲೆಕ್ಕವೇ ಬೇರೆ, ಅದು ಕಾಯಿ ಕಟ್ಟಬೇಕಾಗಿಲ್ಲ, ಎಳೆಯದರಲ್ಲೇ ಕೊಯ್ಯುತ್ತೀರಿ. ಕೊತ್ತಂಬರಿ ಬೀಜವನ್ನು ಒಡೆದು ಎರಡು ಹೋಳು ಮಾಡಿ ಒತ್ತಾಗಿಯೇ ಚೆಲ್ಲಿ. ಪಾಲಕ್ ಮಾತ್ರ ಎರಡು ಎಲೆ ಬಂದ ಮೇಲೆ ನಡುನಡುವೆ ಕಿತ್ತು ಸಾರಿಗೆ ಹಾಕಿ, ಉಳಿದದ್ದು ದಪ್ಪ ಎಲೆ ಬಿಡುತ್ತದೆ. ಸಸಿ ಸಣಕಲಾಗಿ ಉದ್ದಕ್ಕೆ ಎಳೆದು ಮಲಗಿದರೆ ಒತ್ತಾಯಿತೆಂದು ಗಾಬರಿಯಾಗಬೇಡಿ, ಮೊದಲು ದೀಪವನ್ನು ಒಂದಡಿಯಷ್ಟು ಹತ್ತಿರಕ್ಕೆ ಇಳಿಸಿ ನೋಡಿ. ಟ್ರೇಯ ಅಡಿಗೆ ತೂತಿರಲಿ, ನೀರು ನಿಂತರೆ ಬುಡ ಕೊಳೆಯುತ್ತದೆ.