ಭಾಮೈದನ ಕೋರ್ಟಿನಲ್ಲಿ ಎಂಬತ್ತರ ದಶಕದ ಹಾಡು

ಪ್ರಶ್ನೆ: ಮೇಡಂ, ನನಗೆ 53 ವರ್ಷ. 1980ರ ದಶಕದ ಇಂಗ್ಲಿಷ್ ಪಾಪ್ ಹಾಡುಗಳೆಂದರೆ ಪ್ರಾಣ. ಆ ಸಿಂಥಸೈಜರ್ ಕೀಬೋರ್ಡ್, ಆ ದೊಡ್ಡ ಡ್ರಮ್ಸ್, ಎಲ್ಲವೂ ಇಷ್ಟ. ನನ್ನ ಭಾಮೈದ ಗಿಟಾರ್ ನುಡಿಸುತ್ತಾನೆ. ಅವನ ಪ್ರಕಾರ 70ರ ದಶಕದ ರಾಕ್ ಮಾತ್ರ ಸಂಗೀತ, ನನ್ನದು ‘ಪ್ಲಾಸ್ಟಿಕ್’. ಕಾರಿನಲ್ಲಿ ನನ್ನ ಹಾಡು ಬಂದರೆ ಆ ಡ್ರಮ್ಸ್ ಸದ್ದನ್ನು ಬಾಯಲ್ಲೇ ಮಾಡಿ ಎಲ್ಲರನ್ನೂ ನಗಿಸುತ್ತಾನೆ. ನಾನೂ ನಗುತ್ತೇನೆ. ಈಗ ಹೆಡ್‌ಫೋನ್ ಹಾಕಿಕೊಂಡೇ ಕೇಳುವುದು. ಮೊನ್ನೆ ನನ್ನ ಹುಟ್ಟುಹಬ್ಬಕ್ಕೆ ಯಾವ ಹಾಡು ಹಾಕಲಿ ಅಂತ ಹೆಂಡತಿ ಕೇಳಿದರೆ ‘ಯಾವುದಾದ್ರೂ ಸರಿ’ ಅಂದುಬಿಟ್ಟೆ. ನನ್ನ ಮಗಳು ದಿನವಿಡೀ ಹಾಕುವ ಗದ್ದಲಕ್ಕೆ ಮಾತ್ರ ಅವನು ಏನೂ ಅನ್ನುವುದಿಲ್ಲ. ಅವನ ಬಾಯಿ ಮುಚ್ಚಿಸುವಂಥ ನಾಲ್ಕು ಪಾಯಿಂಟ್ ಕೊಡಿ.

ಉತ್ತರ: ನಾಲ್ಕಿಲ್ಲ, ಎರಡು ಕೊಡುತ್ತೇನೆ. ಕೊಟ್ಟ ಮೇಲೆ ಬಳಸಬೇಡಿ ಅಂತಲೂ ಹೇಳುತ್ತೇನೆ. ಬೇಜಾರಾಗಬೇಡಿ.

ಮೊದಲು ಆ ಡ್ರಮ್ಸ್. ಢಂ ಎಂದು ಬಡಿದು, ಸದ್ದು ಹರಡುವಷ್ಟರಲ್ಲಿ ಕತ್ತರಿ ಹಾಕಿದ ಹಾಗೆ ನಿಂತುಬಿಡುತ್ತದಲ್ಲ, ಅದು. ಯಂತ್ರದ ಸದ್ದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಹುಟ್ಟಿದ್ದು ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ, ಇಂಗ್ಲೆಂಡಿನ ಗಾಯಕ ಪೀಟರ್ ಗೇಬ್ರಿಯಲ್ ಅವರ 1980ರ ಆಲ್ಬಂ ಕೆಲಸ ನಡೆದಿದ್ದಾಗ. ಡ್ರಮ್ಸ್ ಬಾರಿಸುತ್ತಿದ್ದವರು ಫಿಲ್ ಕಾಲಿನ್ಸ್, ಎಂಜಿನಿಯರ್ ಹ್ಯೂ ಪ್ಯಾಡ್ಗಮ್. ಒಳಗಿನ ಕಲಾವಿದರ ಮಾತು ಕಂಟ್ರೋಲ್ ರೂಮಿಗೆ ಕೇಳಲಿ ಅಂತ ಅಲ್ಲೊಂದು ಮೈಕ್ ಇತ್ತು. ಪಿಸುಮಾತೂ ಕೇಳಬೇಕು, ಜೋರು ಸದ್ದಿಗೆ ಕಿವಿಯೂ ಒಡೆಯಬಾರದು. ಹಾಗಾಗಿ ಸದ್ದನ್ನು ವಿಪರೀತ ಹಿಂಡುವ ಕಂಪ್ರೆಸರ್ ಅದಕ್ಕೆ ಜೋಡಿಸಿದ್ದರು. ಆ ಮೈಕ್ ಆನ್ ಇರುವಾಗಲೇ ಕಾಲಿನ್ಸ್ ಬಾರಿಸಿದರು. ಡ್ರಮ್ಸ್ ಸದ್ದು ಬೆಟ್ಟದಷ್ಟು ದೊಡ್ಡದಾಗಿ ಕೇಳಿತು. ಅದರ ಬಾಲವನ್ನು ‘ಗೇಟ್’ ಎಂಬ ಸಾಧನದಿಂದ ಕತ್ತರಿಸಿದರು, ಅಷ್ಟೇ. 1981ರಲ್ಲಿ ಕಾಲಿನ್ಸ್ ತಮ್ಮದೇ ಹಾಡಿನಲ್ಲಿ ಅದನ್ನು ತಂದ ಮೇಲೆ ಇಡೀ ದಶಕವೇ ಅದರ ಹಿಂದೆ ಬಿತ್ತು. ಅಂದರೆ ನಿಮ್ಮ ಭಾಮೈದ ಅಣಕಿಸುತ್ತಿರುವುದು ಒಬ್ಬ ಮನುಷ್ಯ ಕೈಯಲ್ಲಿ ಕೋಲು ಹಿಡಿದು ಬಾರಿಸಿದ್ದನ್ನು!

ಎರಡನೆಯದು ನಿಜಕ್ಕೂ ಯಂತ್ರದ್ದೇ. ರೋಲ್ಯಾಂಡ್ ಕಂಪನಿಯ ಟಿಆರ್-808 ಡ್ರಮ್ ಮೆಷಿನ್ 1980ರಲ್ಲಿ ಬಂತು. ಅಸಲಿ ಡ್ರಮ್ಸ್ ಥರ ಕೇಳಿಸುವುದೇ ಇಲ್ಲ ಅಂತ ಆಗ ಆಡಿಕೊಂಡರು. ಸುಮಾರು 12,000 ಮಾರಾಟವಾಗಿ 1983ಕ್ಕೆ ನಿಂತೇ ಹೋಯಿತು. ಆಮೇಲೆ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನು ಹಿಪ್‌ಹಾಪ್ ಹುಡುಗರು ಕೊಂಡರು. ಅದರ ಎದೆ ನಡುಗಿಸುವ ಬೇಸ್ ಸದ್ದು ಇವತ್ತಿಗೂ ಬದುಕಿದೆ.

ಇಷ್ಟು ಹೇಳಿದರೆ ಭಾಮೈದ ಸುಮ್ಮನಾಗುತ್ತಾನಾ? ಗಿಟಾರ್ ನುಡಿಸುವವನು, ಆಗುವುದಿಲ್ಲ. ‘ಯಮಹಾ ಡಿಎಕ್ಸ್7 ಕಥೆ ಏನು?’ ಅಂತಾನೆ. 1983ರಲ್ಲಿ ಬಂದ ಸಿಂಥಸೈಜರ್ ಅದು. ಹೊಸ ಸದ್ದು ರೂಪಿಸುವುದು ಅದರಲ್ಲಿ ಕಷ್ಟ. ಹಾಗಾಗಿ ಕಂಪನಿ ತುಂಬಿಕೊಟ್ಟ ಸದ್ದುಗಳನ್ನೇ ಎಲ್ಲರೂ ಒತ್ತಿದರು. ಅದೇ ಎಲೆಕ್ಟ್ರಿಕ್ ಪಿಯಾನೋ, ಹಾಡಿನ ಮೇಲೆ ಹಾಡು. ಅಲ್ಲಿ ಅವನ ಮಾತು ನಿಜ. ನೀವು ಇನ್ನೊಂದು ಪಾಯಿಂಟ್ ಹುಡುಕುತ್ತೀರಿ, ಅವನೂ ಹುಡುಕುತ್ತಾನೆ. ಕೊನೆಗೆ ಗೆದ್ದರೂ ನಿಮಗೆ ಸಿಗುವುದೇನು? ಹಾಡು ಒಳ್ಳೆಯದು ಅಂತ ಅವನ ಕೈಲೊಂದು ಸರ್ಟಿಫಿಕೇಟ್. ನೀವು ಅದನ್ನು ಪ್ರೀತಿಸಿದ್ದು ಸರ್ಟಿಫಿಕೇಟ್ ನೋಡಿಯೇ?

ಅಮೆರಿಕದ ಮಾರಿಸ್ ಹಾಲ್‌ಬ್ರೂಕ್ ಮತ್ತು ರಾಬರ್ಟ್ ಷಿಂಡ್ಲರ್ ಎಂಬ ಸಂಶೋಧಕರು 1989ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೇರೆ ಬೇರೆ ವಯಸ್ಸಿನವರಿಗೆ ಬೇರೆ ಬೇರೆ ವರ್ಷಗಳ ಹಾಡು ಕೇಳಿಸಿದರು. ಹೆಚ್ಚಿನವರಿಗೆ ಜಾಸ್ತಿ ಹಿಡಿಸಿದ್ದು ತಮಗೆ ಸುಮಾರು 23-24 ಇದ್ದಾಗ ಜನಪ್ರಿಯವಾಗಿದ್ದ ಹಾಡು. ಎಲ್ಲರಿಗೂ ಹೀಗೇ ಅಂತಲ್ಲ, ನಿಮ್ಮ ಲೆಕ್ಕವೇ ಸ್ವಲ್ಪ ಹಿಂದಿದೆ. ಆದರೂ ಎಳೆ ವಯಸ್ಸಿನ ಹಾಡು ಬಿಟ್ಟು ಹೋಗುವುದಿಲ್ಲ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು. (ನನ್ನ ಪಟ್ಟಿಯಲ್ಲಿ ಕೆಲವು ಹಾಡುಗಳಿವೆ, ಹೆಸರು ಮಾತ್ರ ಕೇಳಬೇಡಿ.)

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ ಸಾಲು ‘ಪ್ಲಾಸ್ಟಿಕ್’ ಅಲ್ಲ, ‘ನಾನೂ ನಗುತ್ತೇನೆ’. ನಗುವವನಿಗೆ ನೋಯುತ್ತಿದೆ ಅಂತ ಭಾಮೈದನಿಗೆ ಹೇಗೆ ಗೊತ್ತಾಗಬೇಕು? ಅವನ ಪಾಲಿಗೆ ಇದು ನೀವಿಬ್ಬರೂ ಸೇರಿ ಆಡುವ ತಮಾಷೆ. ಇನ್ನೊಂದು ಸಲ ಬಾಯಲ್ಲಿ ಡ್ರಮ್ಸ್ ಬಾರಿಸಿದಾಗ ನಗಬೇಡಿ, ಜಗಳವೂ ಬೇಡ. ‘ನಂಗೆ ಇದು ಇಷ್ಟ ಕಣೋ, ಮುಗಿಯೋವರೆಗೂ ಕೇಳ್ತೀನಿ’ ಅನ್ನಿ. ಎಲ್ಲರೆದುರು ಹೇಳಲು ಮುಜುಗರವಾದರೆ ಇಬ್ಬರೇ ಇದ್ದಾಗ ಹೇಳಿ. ಹೆಂಡತಿಗೆ ಮಾತ್ರ ಇವತ್ತೇ ಹೇಳಿ, ಯಾವ ಹಾಡು ಬೇಕಿತ್ತು ಅಂತ. ಪಾಪ, ಅವರು ಕೇಳಿಯೇ ಕೇಳಿದ್ದರು.

ಇನ್ನು ಆ ‘ಗದ್ದಲ’. ನೀವು ಸುಮ್ನೆ ಬರೆದು ಮುಂದೆ ಹೋಗಿದ್ದೀರಿ, ನಾನು ಹೋಗಲಾರೆ. ಭಾಮೈದ ನಿಮ್ಮ ಹಾಡಿಗೆ ಅಂದದ್ದನ್ನೇ ನೀವು ಮಗಳ ಹಾಡಿಗೆ ಅಂದಿರಿ, ಅಲ್ವಾ? ಅವಳ ಮುಂದೆಯೂ ಅಂದಿದ್ದೀರೇನೋ. ಒಂದು ಸಂಜೆ ಅವಳಿಗೆ ಇಷ್ಟವಾದ ಹಾಡೊಂದನ್ನು ಹಾಕಲು ಹೇಳಿ. ಇಷ್ಟವಾಗದಿದ್ದರೆ ಇಷ್ಟ ಅನ್ನಬೇಕಿಲ್ಲ, ಪೂರ್ತಿ ಕೇಳಿ ಸಾಕು. ಬೇಸ್ ಕಡೆ ಸ್ವಲ್ಪ ಕಿವಿ ಕೊಡಿ. ಅಲ್ಲಿ ಗುಡುಗುತ್ತಿರುವುದು ನಿಮ್ಮ ಕಾಲದ 808ರ ಸದ್ದೇ ಆಗಿದ್ದರೆ ನನಗೇನೂ ಆಶ್ಚರ್ಯವಿಲ್ಲ.