ಕಾಲೇಜಿಗೆ ಐದು ವಾರ, ಜಾಮೀನಿಗೆ ಒಂದು ದೋಸೆ

ಪ್ರಶ್ನೆ: ನಾನು ದಾವಣಗೆರೆಯ ಗೃಹಿಣಿ, ವಯಸ್ಸು 41. ಸಣ್ಣದೊಂದು ಕೆಲಸವೂ ಇದೆ. ಮಗಳನ್ನು ಯಾವ ಪಿಯು ಕಾಲೇಜಿಗೆ ಸೇರಿಸುವುದೆಂದು ಐದು ವಾರದಿಂದ ಒದ್ದಾಡುತ್ತಿದ್ದೇನೆ. ಎರಡು ಕಾಲೇಜುಗಳಿವೆ, ಎರಡೂ ಚೆನ್ನಾಗಿವೆ. ಒಂದರಲ್ಲಿ ಶುಲ್ಕ ತುಸು ಕಡಿಮೆ, ಇನ್ನೊಂದು ಮನೆಗೆ ಹತ್ತಿರ. ‘ಮೈದುನನ ಅಂಗಡಿ ಸಾಲಕ್ಕೆ ಜಾಮೀನು ನಿಲ್ಲುತ್ತೇನೆಂದು ದೋಸೆ ತಿಂದು ಮುಗಿಸುವುದರೊಳಗೆ ಒಪ್ಪಿದವಳಿಗೆ ಇದೇನು ಕಷ್ಟ’ ಎಂದು ಪತಿ ರೇಗುತ್ತಾರೆ. ನನಗೆ ನಿರ್ಧಾರ ಮಾಡುವ ಶಕ್ತಿಯೇ ಇಲ್ಲವೇ?

ಉತ್ತರ: ಇದೆ ತಾಯಿ. ಎಲ್ಲಿ ನಿಂತು ಯೋಚಿಸಬೇಕಿತ್ತೋ ಅಲ್ಲಿ ಓಡಿದ್ದೀರಿ, ಓಡಬಹುದಾದ ಕಡೆ ನಿಂತಿದ್ದೀರಿ, ಅಷ್ಟೇ.

ಕೈತಕ್ಕಡಿಯಲ್ಲಿ ಬೆಲ್ಲ ತೂಗುವುದನ್ನು ನೋಡಿರುತ್ತೀರಿ. ಒಂದು ಕಡೆ ಭಾರ ಹೆಚ್ಚಿದ್ದರೆ ತಟ್ಟೆ ಥಟ್ಟನೆ ಕುಸಿಯುತ್ತದೆ. ಎರಡೂ ಸರಿಸಮ ಇದ್ದಾಗಲೇ ಮುಳ್ಳು ಅತ್ತಿತ್ತ ಹೊಯ್ದಾಡುವುದು. ಅಂಗಡಿಯವನು ಚೂರು ಮುರಿದು ಹಾಕುತ್ತಾನೆ, ಮತ್ತೆ ತೆಗೆಯುತ್ತಾನೆ. ಆಗ ಉಳಿದಿರುವ ವ್ಯತ್ಯಾಸ ಒಂದು ಚಿಟಿಕೆ. ನಿಮ್ಮ ಐದು ವಾರ ಹೋದದ್ದು ಆ ಚಿಟಿಕೆಗೆ. ಯಾವುದನ್ನು ಆರಿಸಿದರೂ ದೊಡ್ಡ ನಷ್ಟವಿಲ್ಲ ಎಂಬುದಕ್ಕೆ ಈ ಒದ್ದಾಟವೇ ಸಾಕ್ಷಿ.

1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ ಹೇಳಿದ್ದೂ ಇಂಥದ್ದನ್ನೇ: ಎಲ್ಲಕ್ಕಿಂತ ಉತ್ತಮವಾದುದನ್ನು ಹುಡುಕುತ್ತಾ ಹೋದರೆ ಮನುಷ್ಯನ ಆಯುಸ್ಸು ಸಾಲದು, ಇಷ್ಟಿದ್ದರೆ ಸಾಕೆಂದು ಮೊದಲೇ ಗೆರೆ ಎಳೆದುಕೊಂಡು, ಅದನ್ನು ದಾಟಿದ್ದನ್ನು ಹಿಡಿಯುತ್ತಾನೆ. ನಿಮ್ಮ ಎರಡೂ ಕಾಲೇಜುಗಳು ಗೆರೆ ದಾಟಿಯಾಗಿದೆ. ಅಂದಹಾಗೆ, ಇಷ್ಟುದ್ದದ ಪತ್ರದಲ್ಲಿ ಮಗಳ ಮಾತು ಒಂದೂ ಇಲ್ಲವಲ್ಲ? ಇಂದು ರಾತ್ರಿ ಊಟಕ್ಕೆ ಕುಳಿತಾಗ ಅವಳನ್ನೇ ಕೇಳಿ. ಅವಳು ಹೇಳಿದ ಕಡೆ ನಾಳೆ ಶುಲ್ಕ ಕಟ್ಟಿ.

ನನಗೆ ದಿಗಿಲಾದದ್ದು ಆ ದೋಸೆಯ ಸಾಲು ಓದಿ. ಬೆಣ್ಣೆ ಕರಗುತ್ತಿರುವ ತಟ್ಟೆಯ ಮುಂದೆ ಇಲ್ಲ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ, ನಿಜ. ಆದರೆ 1872ರ ಭಾರತೀಯ ಒಪ್ಪಂದ ಕಾಯ್ದೆಯ 128ನೇ ಕಲಮಿನ ಪ್ರಕಾರ, ಒಪ್ಪಂದದಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ. ಮೈದುನನ ಬೆನ್ನು ಹತ್ತಿ ಸೋತ ಮೇಲೆಯೇ ಬ್ಯಾಂಕಿನವರು ನಿಮ್ಮ ಬಾಗಿಲಿಗೆ ಬರಬೇಕೆಂದಿಲ್ಲ. ಕಂತು ತಪ್ಪಿದರೆ ನಿಮ್ಮ ಸಿಬಿಲ್ ದಾಖಲೆಗೂ ಪೆಟ್ಟು. ಎರಡು ವರ್ಷ ಬಿಟ್ಟು ಮಗಳ ಓದಿಗೆ ಸಾಲ ಕೇಳಲು ಹೋದಾಗ ಅದು ಎದುರಿಗೆ ಬಂದು ನಿಲ್ಲಬಹುದು.

ಕಾಲೇಜಿಗೆ ಇಟ್ಟುಕೊಂಡಿದ್ದ ಹೊತ್ತನ್ನೆಲ್ಲ ಇಲ್ಲಿಗೆ ತನ್ನಿ. ಸಾಲದ ಮೊತ್ತವೆಷ್ಟು, ತಿಂಗಳ ಕಂತೆಷ್ಟು, ಅಂಗಡಿಯ ಲೆಕ್ಕಪುಸ್ತಕ ಎಲ್ಲಿದೆ, ಆರು ತಿಂಗಳು ವ್ಯಾಪಾರ ಕುಂಟಿದರೆ ಕಟ್ಟುವವರು ಯಾರು? ಮೈದುನನನ್ನು ಮನೆಗೇ ಕರೆಯಿರಿ, ಪತಿಯೂ ಪಕ್ಕದಲ್ಲಿರಲಿ. ಚಹಾ ಸಾಕು, ದೋಸೆ ಬೇಡ. ಅವರು ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ, ಹಬ್ಬದ ಹೊತ್ತಿಗೆ ಇಳಿಯುತ್ತದೆ.

ನೀವು ಬಾಯಿಮಾತಿನಲ್ಲಿ ಮಾತ್ರ ಒಪ್ಪಿದ್ದೀರಿ ಎಂದುಕೊಂಡು ಇಷ್ಟೆಲ್ಲ ಬರೆದೆ. ಸಹಿ ಆಗಿಹೋಗಿದ್ದರೆ ಕೂಡಲೇ ತಿಳಿಸಿ, ಅದಕ್ಕೆ ಬೇರೆಯೇ ಉತ್ತರ ಬರೆಯಬೇಕಾಗುತ್ತದೆ.